ತಲೆದೆಸೆಗೆ ಹಮ್ಮಿಗಿ

ನಮ್ಮ ಜಿಲ್ಲೆ ಹೊಸದಾಗಿ ಆದ ವರ್ಷ ನಾನು ಹೊಂಬಳದ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ಕಲಿಸುತ್ತಿದ್ದೆ. ಬೆಟಗೇರಿಯ ಮನೆಯಿಂದ ಮುಂಜಾನೆ ಬಸ್ಸಿಗೆ ಹೋಗುವುದು, ಸಂಜೆ ಬಸ್ಸಿಗೆ ಬರುವುದು. ಗದಗಿನಲ್ಲಿ ಪಟಾಕಿ ಹಾರಿತ್ತು, ಪೇಢೆ ಹಂಚಿಯಾಗಿತ್ತು, ಕಚೇರಿಗಳಿಗೆ ಹೊಸ ಬೋರ್ಡು ಬಂದಿದ್ದವು. ಬಾರದೆ ಉಳಿದದ್ದು ನನಗೆ ಬೇಕಾಗಿದ್ದ ಒಂದೇ ಒಂದು ವಸ್ತು: ಜಿಲ್ಲೆಯ ನಕಾಶೆ. ನಮ್ಮ ಶಾಲೆಯ ಗೋಡೆಗೆ ಇನ್ನೂ ಹಳೆಯ ಧಾರವಾಡ ಜಿಲ್ಲೆಯದೇ ತೂಗುತ್ತಿತ್ತು. ಅದರಲ್ಲಿ ನಾವು ಬಲಗಡೆಯ ಅಂಚಿಗೆ, ಇಲಿ ಕಡಿದ ಜಾಗದ ಹತ್ತಿರ ಇದ್ದೆವು.

"ಅಕ್ಕೋರ, ನಾವು ಧಾರವಾಡದಾಗ ಇಲ್ಲಂದ್ರ ಈಗ ಎಲ್ಲಿ ಅದೇವ್ರಿ?" ಎಂದು ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು. ನಾನು ಧಾರವಾಡದ ನಕಾಶೆಯ ಮೇಲೆ ಕೋಲು ಇಟ್ಟು ಏನೋ ಹೇಳಹೋದೆ, ಹೇಳಲು ಬರಲಿಲ್ಲ. ನನಗೆ ಸಿಟ್ಟು ಬಂತು. ಹುಡುಗಿಯ ಮೇಲಲ್ಲ.

ಗದಗಿನ ಕಚೇರಿಗೆ ಹೋಗಿ ಕೇಳಿದೆ. "ನಕಾಶಿ ಬರತಾವ್ರಿ ಅಕ್ಕೋರ, ಸ್ವಲ್ಪ ತಡೀರಿ," ಎಂದರು. ಮತ್ತೆ ಹೋದಾಗಲೂ ಅದೇ ಮಾತು. ಸರ್ಕಾರದ ಕೆಲಸ ದೇವರ ಕೆಲಸ ಅನ್ನುತ್ತಾರೆ. ದೇವರಿಗೆ ಅವಸರ ಇರುವುದಿಲ್ಲ, ನಿಜ. ಆದರೆ ನಾಲ್ಕನೆಯ ಇಯತ್ತೆಯ ಮಕ್ಕಳು ಮುಂದಿನ ವರ್ಷ ಐದನೆಯದಕ್ಕೆ ಹೋಗಿಬಿಡುತ್ತಾರೆ. ಗಣರಾಜ್ಯೋತ್ಸವದ ದಿನ ನನ್ನ ವರ್ಗದ ಗೋಡೆಯ ಮೇಲೆ ಗದಗ ಜಿಲ್ಲೆ ತೂಗಬೇಕು ಎಂದು ಬಸ್ಸಿನಲ್ಲಿ ಕೂತೇ ನಿಶ್ಚಯ ಮಾಡಿದೆ. ನಾನು ಒಮ್ಮೆ ಹಿಡಿದರೆ ಉಡದ ಪಟ್ಟು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಗೋಡೆಯ ಮೇಲೆ ಬರೆಯೋಣವೆಂದರೆ ಗೋಡೆ ಸೋರಿ ಸೋರಿ ಉಬ್ಬಿತ್ತು. ಕಾಗದಕ್ಕೆ ಬರೆದರೆ ಇಲಿಗೆ ಊಟ ಹಾಕಿದಂತೆ. ಹೀಗೆ ಯೋಚಿಸುತ್ತಾ ಮನೆಗೆ ಬಂದರೆ ಅವ್ವ ಅಂಗಳದಲ್ಲಿ ಹಳೆಯ ಸೀರೆಗಳನ್ನು ಹರವಿಕೊಂಡು ಕೂತಿದ್ದಳು. ದೀಪಾವಳಿ ಮುಗಿದು ತಂಪು ಬೀಳತೊಡಗಿದರೆ ನಮ್ಮ ಓಣಿಯ ಹೆಂಗಸರು ಕೌದಿ ಹೊಲಿಯಲು ಕೂಡುತ್ತಾರೆ. ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಇಟ್ಟು, ಸುತ್ತಲೂ ಕೂತು ಅಂಚಿನಿಂದ ಒಳಗೆ ದಾರ ಹಾಕುತ್ತಾ ಬರುತ್ತಾರೆ. ನಾನು ಚೀಲ ಇಳಿಸುವ ಮೊದಲೇ ಕೇಳಿದೆ.

"ಅವ್ವಾ, ಈ ಸಲ ಜಿಲ್ಲಾ ಹೊಲಿತೀರೇನು?"

"ಜಿಲ್ಲಾ ಹೊದ್ದುಕೊಂಡು ಯಾರು ಮಕ್ಕೋತಾರ?"

"ಮಕ್ಕೊಳ್ಳಾಕಲ್ಲ, ತೂಗು ಹಾಕಾಕ."

ಒಳಗೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಅಪ್ಪ ನಕ್ಕ. "ತಾಯಿಯಂಗ ಮಗಳು, ನೂಲಿನಂಗ ಸೀರಿ. ಹೊಲದ ಕೊಡು, ಇಲ್ಲಂದ್ರ ಆಕಿ ಬಿಡೂದಿಲ್ಲ," ಎಂದ.

ಇಲ್ಲಿ ಅವ್ವನ ಹಠದ ಮಾತೂ ಹೇಳಿಬಿಡಬೇಕು. ಅವಳ ತವರು ಹಮ್ಮಿಗಿ. ಮುಂಡರಗಿಯ ಆಚೆ, ತುಂಗಭದ್ರೆಯ ದಂಡೆಗೆ. ನಾನು ಕಾಲೇಜಿನಲ್ಲಿದ್ದಾಗ ಒಂದು ಮಳೆಗಾಲ ಅಲ್ಲಿ ನಮ್ಮಜ್ಜಿ ತೀರಿಕೊಂಡಳು. ಸೋದರಮಾವ ಸುದ್ದಿ ಹೇಳಲು ಒಬ್ಬನನ್ನು ಕಳಿಸಿದ್ದ. ಅವನಿಗೆ ಮುಂಡರಗಿಯಲ್ಲಿ ಬಸ್ಸು ತಪ್ಪಿತು. ಅವನು ಬೆಟಗೇರಿ ಮುಟ್ಟಿ, ನಾವು ಹಮ್ಮಿಗಿ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಮಳೆ ಹಿಡಿದಿದೆ, ಇಡಬಾರದು ಎಂದು ಊರ ಹಿರಿಯರು ಅವಸರ ಮಾಡಿದರಂತೆ. ಅವ್ವ ಅಂಗಳ ದಾಟಿ ಒಳಗೂ ಹೋಗಲಿಲ್ಲ. "ನನ್ನ ಹಡದಾಕಿ ಮಾರಿ ನನಗ ತೋರಸಲಿಲ್ಲ. ಇನ್ನ ಈ ಊರ ದಾರಿ ನನಗ ಬ್ಯಾಡ," ಎಂದವಳೇ ಬಂದ ದಾರಿ ಹಿಡಿದಳು.

ಅವತ್ತಿನಿಂದ ಪ್ರತಿ ಪಂಚಮಿಗೆ ಮಾಮ ಅವಳನ್ನು ಕರೆದೊಯ್ಯಲು ಬರುತ್ತಿದ್ದ. ಅವ್ವ ಅವನಿಗೆ ಬಿಸಿ ಬಿಸಿ ರೊಟ್ಟಿ ಮಾಡಿ ಬಡಿಸುತ್ತಿದ್ದಳು, ಮಾರಿ ಮಾತ್ರ ಒಲೆಯ ಕಡೆಗೆ. ಅವನು ಒಬ್ಬನೇ ಬಸ್ಸು ಹತ್ತಿ ಹೋಗುತ್ತಿದ್ದ. ಹಮ್ಮಿಗಿ ಎಂಬ ಹೆಸರನ್ನೂ ಅವಳು ಬಾಯಿಗೆ ತರುತ್ತಿರಲಿಲ್ಲ, "ಆ ಊರು" ಎನ್ನುತ್ತಿದ್ದಳು. ಮಾಮನಿಗೆ ವಯಸ್ಸಾಗುತ್ತಿತ್ತು. ಹೀಗೇ ಬಿಟ್ಟರೆ ಇವಳು ನಾಳೆ ಅಣ್ಣನ ಮಣ್ಣಿಗೂ ಹೋಗುವವಳಲ್ಲ ಎಂಬ ಭಯ ನನಗಿತ್ತು. ಹೋಗದೆ ಆಮೇಲೆ ಕೊರಗಿ ಕೊರಗಿ ಸಾಯುವವಳೂ ಅವಳೇ.

ಕೌದಿ ಶುರುವಾಯಿತು. ಧಾರವಾಡದ ಹಳೆಯ ನಕಾಶೆಯಿಂದ ಗದಗ, ಶಿರಹಟ್ಟಿ, ಮುಂಡರಗಿ, ರೋಣ, ನರಗುಂದ ಐದೂ ತಾಲೂಕುಗಳ ಗಡಿಯನ್ನು ನಾನು ಚೌಕುಳಿ ಹಾಕಿ ತೆಗೆದೆ. ಅದನ್ನೇ ದೊಡ್ಡದು ಮಾಡಿ, ಹರವಿದ ಧೋತರದ ಮೇಲೆ ಸುಣ್ಣದಕಡ್ಡಿಯಿಂದ ಗೀಟು ಎಳೆದೆ. ಅಂಗಳದಲ್ಲಿ ಅದನ್ನು ದಿಕ್ಕು ನೋಡಿಯೇ ಹಾಸಿದೆವು, ನಿಜವಾದ ಮುಂಡರಗಿ ಎತ್ತಲೋ ಬಟ್ಟೆಯ ಮುಂಡರಗಿಯೂ ಅತ್ತಲೇ. ಹೆಂಗಸರು ಅದಿಲ್ಲದೆ ಕೇಳಲಿಲ್ಲ. ತವರಿನ ಕಡೆ ಕೈ ಮಾಡಿ ತೋರಿಸದೆ ಅವರಿಗೆ ತವರಿನ ಮಾತೇ ಬರುವುದಿಲ್ಲ.

ಎರೆ ಭೂಮಿಯ ಗದಗ, ರೋಣ, ನರಗುಂದಕ್ಕೆ ಚಂದ್ರಕಾಳಿ ಸೀರೆಯ ಕಪ್ಪು ತುಂಡು. ಶಿರಹಟ್ಟಿ, ಮುಂಡರಗಿಯ ಕೆಂಪು ನೆಲಕ್ಕೆ ಇಟ್ಟಂಗಿ ಬಣ್ಣದ್ದು. ನಡುವಿನ ಕಪ್ಪತಗುಡ್ಡಕ್ಕೆ ಯಾರದೋ ಕುಬಸದ ಹಸಿರು ಖಣ. ದಕ್ಷಿಣದ ಅಂಚಿಗೆ ತುಂಗಭದ್ರೆ ಎಂದು ಅವ್ವ ತನ್ನದೇ ನೀಲಿ ಸೀರೆಯ ಸೆರಗು ಹರಿದು ಕೊಟ್ಟಳು. ಅದನ್ನು ಅವಳು ಕೊಟ್ಟಾಗಲೇ ನಾನು ಏನಾದರೂ ಅಂದುಕೊಳ್ಳಬೇಕಾಗಿತ್ತು. ಅಂದುಕೊಳ್ಳಲಿಲ್ಲ.

ಎಲ್ಲರಿಗಿಂತ ಹೆಚ್ಚು ಗದ್ದಲ ಪಿಂಜಾರ ಓಣಿಯ ಚಿಗವ್ವನದು. ಹತ್ತಿ ಹಿಂಜಿ ಗಾದಿ ತುಂಬುವ ಮನೆತನದವಳು, ಓಣಿಯ ಲೆಕ್ಕದಲ್ಲಿ ಅವ್ವನಿಗೆ ತಂಗಿ, ತವರು ಲಕ್ಷ್ಮೇಶ್ವರ. "ಊರು ದೊಡ್ಡದು ನಮ್ದು, ಬಜಾರ ದೊಡ್ಡದು ನಮ್ದು, ತಾಲೂಕು ಮಾತ್ರ ಶಿರಹಟ್ಟಿ! ಇದ್ಯಾವ ಸೀಮಿ ನ್ಯಾಯವಾ?" ಎಂದು ನನ್ನನ್ನೇ ಕೇಳಿದಳು, ಜಿಲ್ಲೆಯ ಗಡಿ ನಾನೇ ಹಾಕಿದ ಹಾಗೆ. ಎದುರಿಗೆ ಕೂತಿದ್ದ ಶಿರಹಟ್ಟಿಯ ಸೊಸೆ ಬಿಡಲಿಲ್ಲ. "ನಮ್ಮ ಮಠಕ್ಕ ನಡಕೊಳ್ಳಾಕ ನಿಮ್ಮೂರವರೂ ಬರತಾರಲ್ಲ, ಆವಾಗ ಸಣ್ಣೂರು ಅನಸೂದಿಲ್ಲೇನು?"

"ಬರತೇವಿ, ಯಾಕ ಬರಬಾರದು. ಆದರ ನಮ್ಮಜ್ಜ ಮಿರಜ ಸಂಸ್ಥಾನದವ, ನಿಮ್ಮಜ್ಜ ಸಾಂಗಲಿ ಸಂಸ್ಥಾನದವ. ಹೊಲದ ಬದು ದಾಟಿದ್ರ ರಾಜಾ ಬ್ಯಾರೆ ಇದ್ದ, ತಿಳಿತೇನು?"

ಅದು ಖರೆಯೇ. ಲಕ್ಷ್ಮೇಶ್ವರ ಒಬ್ಬ ರಾಜನದು, ಶಿರಹಟ್ಟಿ ಇನ್ನೊಬ್ಬನದು, ಗದಗ ಮುಂಬಯಿ ಇಲಾಖೆಯ ಇಂಗ್ಲಿಷರದು. ಮೂಡಣಕ್ಕೆ ನಾಲ್ಕು ಹೆಜ್ಜೆ ಇಟ್ಟರೆ ನಿಜಾಮನ ಸೀಮೆ. ಆಮೇಲೆ ನಿಜಾಮನದು ಬಿಟ್ಟು ಉಳಿದದ್ದೆಲ್ಲ ಕೂಡಿ ಧಾರವಾಡ ಆಯಿತು, ಈಗ ಅದರೊಳಗಿಂದ ಐದು ತಾಲೂಕು ಕತ್ತರಿಸಿ ಇದು. ಪುಸ್ತಕದಲ್ಲಿ ಓದಿದಾಗ ನೆನಪು ಉಳಿಯದ ಈ ಸಂಗತಿ ಅಂಗಳದ ಜಗಳದಲ್ಲಿ ನನಗೆ ಬಾಯಿಪಾಠ ಆಯಿತು.

"ಹೊಳಿ ಆಚೆ ದಂಡಿ ಮದ್ರಾಸು ಇಲಾಖೆದ್ದು," ಎಂದಳು ಅವ್ವ, ಸೂಜಿಯಿಂದ ಕಣ್ಣು ಎತ್ತದೆ. "ನಮ್ಮೆಮ್ಮಿ ಬ್ಯಾಸಗಿಯಾಗ ಈಜಿ ಆ ದಂಡಿಗೆ ಹೋಗಿ ಬಿಡತಿದ್ದವು. ಎಮ್ಮಿ ಎಲ್ಲಿ ಅಂದ್ರ, ಮದ್ರಾಸಿಗೆ ಹೋಗ್ಯಾವ, ಸಂಜೀಕ ಬರತಾವ ಅಂತಿದ್ದ ನಮ್ಮಪ್ಪ. ನಾವು ಅಣ್ಣ ತಂಗಿ ದಂಡಿ ಮ್ಯಾಲ ನಿಂತು ಒದರತಿದ್ವಿ..."

ಎಲ್ಲರೂ ನಕ್ಕರು. "ಯಾವೂರಾಗ ಅಕ್ಕಾ?" ಎಂದು ಶಿರಹಟ್ಟಿಯ ಸೊಸೆ ಕೇಳಿದಳು, ಪಾಪ, ಹೊಸಬಳು. ಅವ್ವ ದಾರ ಕಡಿದು ಎದ್ದು ಒಳಗೆ ಹೋದಳು.

ಕೌದಿ ತುಂಬುತ್ತಾ ಬಂತು. ಕೊನೆಗೆ ನದಿಯ ದಂಡೆಗೆ ಅಂಗೈ ಅಗಲದ ಒಂದು ಜಾಗ ಮಾತ್ರ ಖಾಲಿ ಉಳಿಯಿತು. ಕೆಳಗಿನ ಧೋತರ ಕಾಣುತ್ತಿತ್ತು. ಆ ಭಾಗ ಅವ್ವನದೇ ಕೈಯಲ್ಲಿತ್ತು.

"ಅವ್ವಾ, ಇಲ್ಲೊಂದು ಊರು ಉಳದೈತಿ."

"ಉಳೀಲಿ."

"ತೂತು ಬಿದ್ದ ಜಿಲ್ಲಾ ನಾ ಹೆಂಗ ತೂಗು ಹಾಕಲಿ?"

"ನಿನ್ನ ನಕಾಶಿ, ನಿನ್ನ ಶಾಲಿ. ನೀನ ಹೊಲಕೋ. ನನ್ನ ಕೈಲೆ ಆಗೂದಿಲ್ಲ."

ನಾನು ಹೊಲಿಯಬಹುದಿತ್ತು. ಯಾವುದೋ ಕೆಂಪು ಚಿಂದಿ ಇಟ್ಟು ನಾಲ್ಕು ಟಾಕಿ ಹಾಕಿದ್ದರೆ ನಕಾಶೆ ಮುಗಿಯುತ್ತಿತ್ತು. ಆದರೆ ನನಗೆ ಈಗ ನಕಾಶೆ ಒಂದೇ ಸಾಲದಾಗಿತ್ತು. ಅವ್ವನ ಕೈಯಿಂದಲೇ ಆ ಊರನ್ನು ಹೊಲಿಸಬೇಕು ಎಂದು ಹಠ ಹುಟ್ಟಿತು. ರವಿವಾರ ಯಾರಿಗೂ ಹೇಳದೆ ಮುಂಡರಗಿ ಬಸ್ಸು ಹತ್ತಿದೆ.

ಡಂಬಳ ದಾಟಿದ ಮೇಲೆ ಕಪ್ಪತಗುಡ್ಡ ಬಲಕ್ಕೆ ಬಂತು, ಮಣ್ಣು ಕಪ್ಪಿನಿಂದ ಕೆಂಪಿಗೆ ತಿರುಗಿತು. ನಮ್ಮ ಕೌದಿಯಲ್ಲಿ ಆ ತಿರುವು ಸರಿಯಾದ ಜಾಗದಲ್ಲೇ ಬಿದ್ದಿದೆ ಎಂದು ನೋಡಿ ಹೆಮ್ಮೆ ಅನಿಸಿತು. ಹಮ್ಮಿಗಿಯಲ್ಲಿ ಮಾಮ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ನನ್ನನ್ನು ನೋಡಿದವನೇ ನನ್ನ ಹಿಂದೆ ನೋಡಿದ. ಹಿಂದೆ ಯಾರೂ ಇರಲಿಲ್ಲ.

"ಬಾರವಾ. ನಿಮ್ಮವ್ವ ಹೇಳಿ ಕಳಿಸ್ಯಾಳೇನು?"

ಸುಳ್ಳು ಹೇಳಿದರೆ ಅವನಿಗೆ ಸುಖವಾಗುತ್ತಿತ್ತು. "ಇಲ್ಲ ಮಾಮಾ, ನಾನ ಬಂದೇನಿ," ಎಂದೆ. ಕೌದಿಯ ಕಥೆ ಎಲ್ಲ ಹೇಳಿದೆ. ಎಲ್ಲ ಊರೂ ಬಂದಿವೆ, ಹಮ್ಮಿಗಿಯ ಜಾಗ ಖಾಲಿ ಇದೆ, ಈ ಮನೆಯ ಒಂದು ಬಟ್ಟೆಯ ತುಂಡು ಕೊಡು ಎಂದೆ. ಅವನು ಹೊಸೆಯುತ್ತಿದ್ದ ಹಗ್ಗ ಕೆಳಗಿಟ್ಟ. ಆಮೇಲೆ ತಲೆಯ ಮೇಲಿನ ರುಮಾಲು ಬಿಚ್ಚಿದ. ಮೂಲೆಯಲ್ಲಿದ್ದ ಕುಡುಗೋಲು ತಂದು ಅದರ ಒಂದು ತುದಿ ಕೊಯ್ದು ನನ್ನ ಕೈಗೆ ಕೊಟ್ಟ.

ನಾನು ಹೆದರಿದೆ. ನಮ್ಮ ಕಡೆ ಗಂಡಸು ರುಮಾಲು ಇಳಿಸಿ ಕೊಡುವುದೆಂದರೆ ತಪ್ಪಾಯಿತು ಅನ್ನುವುದಕ್ಕಿಂತ ದೊಡ್ಡ ಮಾತು. "ಬ್ಯಾಡ ಮಾಮಾ, ಹಳೇ ಧೋತರ ಇದ್ರ ಸಾಕು," ಎಂದೆ.

"ನಮ್ಮೂರಿಗೆ ಹಳೇ ಧೋತರ ಯಾಕ?" ಎಂದ. ಉಳಿದದ್ದನ್ನು ಮತ್ತೆ ತಲೆಗೆ ಸುತ್ತಿಕೊಂಡ. ಅದು ಒಂದು ಸುತ್ತು ಕಡಿಮೆಯಾಗಿತ್ತು.

ಸಂಜೆ ಆ ಬಿಳಿಯ ತುಂಡನ್ನು ಅವ್ವನ ಮಡಿಲಲ್ಲಿ ಇಟ್ಟು ಎಲ್ಲಿಯದೆಂದು ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ, ಮುಟ್ಟಲೂ ಇಲ್ಲ. ಎದ್ದಾಗ ಅದು ನೆಲಕ್ಕೆ ಬಿದ್ದೀತೆಂದು ಮಾತ್ರ ಸೀರೆಯ ನಿರಿಗೆಯನ್ನು ಹುಷಾರಾಗಿ ಹಿಡಿದುಕೊಂಡು ಎದ್ದಳು.

ಮರುದಿನ ಶಾಲೆಯಿಂದ ಬರುವಷ್ಟರಲ್ಲಿ ಕೌದಿ ಮುಗಿದಿತ್ತು. ಖಾಲಿ ಜಾಗದಲ್ಲಿ ಬಿಳಿಯ ಹಮ್ಮಿಗಿ ಕೂತಿತ್ತು. ಉಳಿದ ಯಾವ ಊರಿಗೂ ಅಷ್ಟು ಸಣ್ಣ, ಅಷ್ಟು ಒತ್ತೊತ್ತಾದ ಟಾಕಿ ಬಿದ್ದಿರಲಿಲ್ಲ. ಕೌದಿಯ ಕೊನೆಯ ಮೂಲೆಯೊಳಗೆ ಚಿಗವ್ವ ರೊಟ್ಟಿಯ ಚೂರು ಇಟ್ಟು ಹೊಲಿದಿದ್ದಳು. ಕೌದಿ ಹಸಿದಿರಬಾರದು ಎಂದು ನಮ್ಮಲ್ಲಿ ಹಾಗೆ ಮಾಡುತ್ತಾರೆ. ತೂಗು ಹಾಕಲು ಬಟ್ಟೆಯ ಕುಣಿಕೆಗಳೂ ಬಂದಿದ್ದವು. ನಾನು ಸಂತೋಷದಿಂದ ಅದನ್ನು ಎತ್ತಿ ಗೋಡೆಯ ಮೊಳೆಗೆ ಹಾಕಿ ಹಿಂದೆ ಸರಿದು ನೋಡಿದೆ. ತುಂಗಭದ್ರೆ ಮೇಲೆ ಹರಿಯುತ್ತಿತ್ತು, ನರಗುಂದ ಕೆಳಗೆ ಜೋತಾಡುತ್ತಿತ್ತು.

"ಅವ್ವಾ, ಏನ ಮಾಡಿ ಬಿಟ್ರಿ! ಕುಣಿಕಿ ದಕ್ಷಿಣಕ್ಕ ಹಚ್ಚೀರಿ! ನಕಾಶ್ಯಾಗ ಉತ್ತರ ಮ್ಯಾಲ ಇರಬೇಕು."

"ಉತ್ತರಕ್ಕ ತಲಿ ಹಾಕೂದೇನು?" ಅವ್ವ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. "ಯಾರ ಮನ್ಯಾಗ ಉತ್ತರಕ್ಕ ತಲಿ ಇಟ್ಟು ಮಕ್ಕೋತಾರ?"

ಚಿಗವ್ವ ಪಂಚಾಯ್ತಿಗೆ ಬಂದಳು. "ನೀವು ಉತ್ತರಕ್ಕ ತಲಿ ಇಡೂದಿಲ್ಲ, ನಾವು ನಮಾಜಿನ ದಿಕ್ಕಂತ ಪಶ್ಚಿಮಕ್ಕ ಕಾಲು ಚಾಚೂದಿಲ್ಲ. ನಾನೂ ನಿಮ್ಮವ್ವನೂ ಭಾಳ ಹೊತ್ತು ವಿಚಾರ ಮಾಡಿ ದಕ್ಷಿಣ ಆರಿಸೇವಿ. ಅದಕ್ಕ ಯಾರದೂ ತಕರಾರಿಲ್ಲ."

ತಕರಾರು ನನ್ನದಿತ್ತು. ಇದು ಹೊದೆಯುವ ಕೌದಿಯಲ್ಲ, ಪ್ರಪಂಚದ ಎಲ್ಲ ನಕಾಶೆಗಳೂ ಹೀಗೇ ಇರುತ್ತವೆ, ಕುಣಿಕೆ ಬಿಚ್ಚಿ ಆ ಕಡೆ ಹಚ್ಚಿದರೆ ಮುಗಿಯಿತು ಎಂದೆಲ್ಲ ಹೇಳಿದೆ. ಹೊಟ್ಟೆ ತುಂಬಿದ ಕೌದಿಗೆ ಕತ್ತರಿ ಹಚ್ಚಬಾರದು ಎಂದಳು ಚಿಗವ್ವ. ನಾನು ಕೇಳಲಿಲ್ಲ. ಕತ್ತರಿ ತಂದು ಮೊದಲನೆಯ ಕುಣಿಕೆಗೆ ಕೈ ಹಾಕಿದೆ.

ಅವ್ವ ನನ್ನ ಮಣಿಕಟ್ಟು ಹಿಡಿದಳು. ಅಷ್ಟು ಗಟ್ಟಿಯಾಗಿ ಅವಳು ನನ್ನನ್ನು ಎಂದೂ ಹಿಡಿದಿರಲಿಲ್ಲ.

"ನಮ್ಮಣ್ಣನ ತಲಿಮ್ಯಾಲಿನ ರುಮಾಲದು. ಕಾಲ್ದೆಸಿಗೆ ಹಾಕ್ತಿಯೇನು? ನನ್ನ ಹಮ್ಮಿಗಿ ಕಾಲ್ದೆಸಿಗೆ ಹಾಕ್ತಿಯೇನು?"

ಒಳಗೆ ಮಗ್ಗದ ಸದ್ದು ನಿಂತಿತು. ಆ ಊರಿನ ಹೆಸರು ಅವಳ ಬಾಯಿಂದ ಬಂದದ್ದು ಅವಳಿಗೂ ಕೇಳಿಸಿರಬೇಕು. ಕೈ ಬಿಟ್ಟು ಸೆರಗಿನಿಂದ ಮಾರಿ ಒರೆಸಿಕೊಂಡಳು. ನಾನು ಕತ್ತರಿ ಇಟ್ಟೆ. ನಾನು ಸೋತೆ, ಆದರೆ ಅಂಥ ಖುಷಿಯಿಂದ ಸೋತದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ. ಖುಷಿಯಾದರೂ ಬಾಯಿ ಸುಮ್ಮನಿರಲಿಲ್ಲ. "ಕೌದಿಯಾಗ ತಲಿದೆಸಿಗೆ ಇಟ್ಟಿ, ಖರೆ ಊರಿಗೆ ಬೆನ್ನು ತಿರುವೀದಿ," ಎಂದೆ. ಅವಳು ಒಲೆ ಹಚ್ಚಲು ಹೋದಳು.

ಊರುಗಳ ಹೆಸರನ್ನು ನಾನು ಬಣ್ಣದಿಂದ ಬರೆದೆ, ದಕ್ಷಿಣ ಮೇಲಾಗಿಯೇ. ದಿಕ್ಕು ತೋರುವ ಬಾಣವನ್ನು ಕೆಳಮುಖವಾಗಿ ಹಾಕಿ ಅದರ ತುದಿಗೆ 'ಉ' ಎಂದು ಬರೆದೆ. ಗಣರಾಜ್ಯೋತ್ಸವದ ದಿನ ಬಾವುಟ ಏರಿದ ಮೇಲೆ ವರ್ಗದಲ್ಲಿ ತೂಗು ಹಾಕಿದೆವು. ಹೆಡ್ ಮಾಸ್ತರರು ಕತ್ತು ಓರೆ ಮಾಡಿ ನೋಡಿದರು, ಆಮೇಲೆ ಇನ್ನೊಂದು ಕಡೆಗೆ ಓರೆ ಮಾಡಿ ನೋಡಿದರು.

"ಅಕ್ಕೋರ, ಹೊಳಿ ಮ್ಯಾಲ ಹೋಗೇತಲ್ರಿ! ಮ್ಯಾಲಿನವರು ಯಾರರೆ ಬಂದ್ರ?"

"ಬಂದ್ರ ಅವರಿಗೂ ಕಲಿಸೂಣ್ರಿ ಸರ್. ದಿಕ್ಕು ಗೊತ್ತಿದ್ದವರಿಗೆ ನಕಾಶಿ ಹೆಂಗಿದ್ರೇನು?"

ಅವರು ನಕ್ಕು ಸುಮ್ಮನಾದರು. ಮಕ್ಕಳಿಗೆ ಏನೂ ತೊಂದರೆಯಾಗಲಿಲ್ಲ. ಸೂರ್ಯ ಹುಟ್ಟುವ ಕಡೆ ಕೈ ಮಾಡಿಸಿದೆ, ಬಾಣ ತೋರಿಸಿದೆ, ಅವರು ಪಟಪಟನೆ ಓದಿದರು. ಅವ್ವನನ್ನು ನಾನೇ ಕರೆದುಕೊಂಡು ಬಂದಿದ್ದೆ. ಮೂಲೆಯಲ್ಲಿ ನಿಂತಿದ್ದಳು. ಮೊದಲು ಪ್ರಶ್ನೆ ಕೇಳಿದ್ದ ಆ ಹುಡುಗಿಯೇ ಬೆಂಚಿನ ಮೇಲೆ ಹತ್ತಿ ಕೋಲು ಹಿಡಿದು ಒಂದೊಂದೇ ಊರು ಹೇಳಿದಳು. "ಇದು ಲಕ್ಷ್ಮೇಶ್ವರ, ಇದು ಶಿರಹಟ್ಟಿ, ಇದು ಮುಂಡರಗಿ, ಇದು ಹಮ್ಮಿಗಿ." ಮಕ್ಕಳೆಲ್ಲ ಒಟ್ಟಾಗಿ "ಹಮ್ಮಿಗಿ" ಎಂದು ಒದರಿದರು. ಅವ್ವ ಹೊರಗೆ ಹೋಗಿ ನಿಂತಳು.

ಶಾಲೆಯಿಂದ ಮರಳಿ ಗದಗಿನಲ್ಲಿ ಬಸ್ಸು ಇಳಿದ ಮೇಲೆ ಬೆಟಗೇರಿಯ ಕಡೆ ಹೋಗಬೇಕಾದವಳು ಅವ್ವ ಅಲ್ಲೇ ನಿಂತಳು. "ಮುಂಡರಗಿ ಬಸ್ಸು ಎಲ್ಲಿ ನಿಲ್ತಾವ?" ಎಂದು ಕೇಳಿದಳು. ನಾನು ತೋರಿಸಿದೆ. ಏನೂ ಕೇಳಲಿಲ್ಲ. ಕೇಳಿದರೆ ತಿರುಗಿಬಿಡುತ್ತಾಳೆ ಎಂದು ಅವಳ ಹಿಂದೆಯೇ ಬಸ್ಸು ಹತ್ತಿ ಪಕ್ಕ ಕೂತೆ. ದಾರಿಯುದ್ದಕ್ಕೂ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು.

ನಾವು ಹಮ್ಮಿಗಿ ಮುಟ್ಟಿದಾಗ ಬಿಸಿಲು ಇಳಿದಿರಲಿಲ್ಲ. ಮಾಮ ಕಟ್ಟೆಯ ಮೇಲೆಯೇ ಇದ್ದ. ಅವ್ವನನ್ನು ನೋಡಿ ಎದ್ದ. ಅವನ ಸೊಸೆ ಓಡಿ ಹೋಗಿ ಕಾಲಿಗೆ ನೀರು ತಂದು ಇಟ್ಟು "ಒಳಗ ಬರ್ರಿ ಅತ್ತಿ" ಎಂದಳು. ಅವ್ವ ಅಂಗಳದಲ್ಲೇ ನಿಂತು ಅಣ್ಣನ ಮಾರಿಯನ್ನು ನೇರವಾಗಿ ನೋಡಿದಳು. ಇಷ್ಟು ವರ್ಷದಲ್ಲಿ ಅವಳು ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ.

"ಅವತ್ತ ಕಾಯಬೇಕಾಗಿತ್ತು ತಂಗೆವ್ವ," ಎಂದ ಮಾಮ.

"ಹೌದು, ಕಾಯಬೇಕಾಗಿತ್ತು. ಅದನ್ನ ನಾ ಮರಿಯಾಕಿ ಅಲ್ಲ," ಎಂದಳು ಅವ್ವ. "ಅವ್ವನ್ನ ಎಲ್ಲಿ ಮಣ್ಣು ಮಾಡೀದಿ, ತೋರಸು ನಡಿ."

ಮಾಮ ಚಪ್ಪಲಿ ಮೆಟ್ಟುವುದನ್ನೂ ಮರೆತು ಮುಂದೆ ನಡೆದ. ಅವ್ವ ಅವನ ಹಿಂದೆ ಹೋದಳು. ನಾನೂ ಹೊರಟೆ, ಅವಳು ಕೈಯಿಂದಲೇ ಬೇಡವೆಂದಳು.